ಬ್ಲೋಯರ್ ತಿರುಗುತ್ತಿದೆ, ನೀರು ಇನ್ನೂ ಮಾನದಂಡಕ್ಕೆ ಬಂದಿಲ್ಲ: ಮೊದಲು ಏನು ಮಾಡಬೇಕು?

ಘಟಕದ ಮೇಲ್ವಿಚಾರಕ

ಎಲ್ಲರಿಗೂ ನಮಸ್ಕಾರ. ಸಣ್ಣ ಪಟ್ಟಣವೊಂದರ ಕೊಳಚೆ ನೀರು ಶುದ್ಧೀಕರಣ ಘಟಕವನ್ನು ನೋಡಿಕೊಳ್ಳುತ್ತೇನೆ. ದಿನಕ್ಕೆ ಸುಮಾರು 1000 ಘನ ಮೀಟರ್ ಕೊಳಚೆ ಬರುತ್ತದೆ. ಕೊಳಚೆಗೆ ಗಾಳಿ ಊದುವ ಏರೇಷನ್ ಟ್ಯಾಂಕಿನ ಗಾತ್ರವೂ ಅಷ್ಟೇ, ನೀರಿನ ಆಳ 5 ಮೀಟರ್, ತಳದಲ್ಲಿ ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಬಿಡುವ ರಬ್ಬರ್ ಪೊರೆಯ ಡಿಫ್ಯೂಸರ್‌ಗಳಿವೆ. ಗಾಳಿ ತಳ್ಳುವ ಬ್ಲೋಯರ್ ಎರಡು. ಒಂದನ್ನು ರೋಟರ್ (ಒಳಗೆ ತಿರುಗುವ ಭಾಗ) ದುರಸ್ತಿಗೆಂದು ಬಿಚ್ಚಿ ಕಳಿಸಿದ್ದೆವು. ಅದು ಮರಳಿ ಬರುವ ಮೊದಲೇ ಇನ್ನೊಂದರ ಬೇರಿಂಗ್ ಬಿಗಿದು ನಿಂತುಹೋಯಿತು. ಬಾಡಿಗೆಯ ಡೀಸೆಲ್ ಬ್ಲೋಯರ್ ತರಿಸುವಷ್ಟರಲ್ಲಿ ಟ್ಯಾಂಕ್ ಹಲವು ದಿನ ಗಾಳಿಯಿಲ್ಲದೆ ಕಳೆಯಿತು. ಬರುವ ಕೊಳಚೆಯನ್ನು ನಿಲ್ಲಿಸಲಾಗುವುದಿಲ್ಲ, ಅದು ಬರುತ್ತಲೇ ಇತ್ತು.

ಈಗ ಗಾಳಿ ಹೋಗುತ್ತಿದೆ. ಆದರೆ ಕೊಳಚೆಯನ್ನು ತಿಂದು ಶುದ್ಧಮಾಡುವ ಬ್ಯಾಕ್ಟೀರಿಯಾಗಳಿರುವ ಕೆಸರು ಕಪ್ಪಾಗಿದೆ. ಕರಗಿದ ಆಮ್ಲಜನಕ ಸೊನ್ನೆ ಬಿಟ್ಟು ಮೇಲೇಳುತ್ತಿಲ್ಲ. ಹೊರಬರುವ ನೀರು ಕದಡಿದೆ, ಅಮೋನಿಯಾ ಬಂದಷ್ಟೇ ಹೊರಗೂ ಹೋಗುತ್ತಿದೆ. ಮಾಲಿನ್ಯ ನಿಯಂತ್ರಣ ಮಂಡಳಿ ಲಿಖಿತ ಯೋಜನೆ ಕೇಳಿದೆ. ಪುರಸಭೆಯಲ್ಲಿ ಎಲ್ಲರದೂ ಒಂದೇ ಪ್ರಶ್ನೆ: ಯಂತ್ರ ತಿರುಗುತ್ತಿದೆಯಲ್ಲ, ನೀರು ಏಕೆ ಸರಿಹೋಗಿಲ್ಲ? ಈ ಕೆಸರನ್ನೆಲ್ಲ ಹೊರಹಾಕಿ ಹೊಸದಾಗಿ ಆರಂಭಿಸಬೇಕೇ, ಇದನ್ನೇ ಉಳಿಸಿಕೊಳ್ಳಬೇಕೇ? ಅನುಭವವಿರುವವರು ದಯವಿಟ್ಟು ಹೇಳಿ.

ಹಿರಿಯ ಆಪರೇಟರ್

ನೀರಿನ ಮಾತಿಗೆ ಮೊದಲು ನಿಮ್ಮ ಹುಡುಗರ ಮಾತು. ಕೊಳೆತ ಕೆಸರಿಗೆ ಗಾಳಿ ಬಿಟ್ಟಾಗ ಅದರಲ್ಲಿ ಸೇರಿಕೊಂಡಿದ್ದ ಹೈಡ್ರೋಜನ್ ಸಲ್ಫೈಡ್ ಒಮ್ಮೆಲೇ ಮೇಲೆ ಬರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬರುತ್ತಿಲ್ಲ ಎಂದ ಮಾತ್ರಕ್ಕೆ ಅಪಾಯವಿಲ್ಲ ಎಂದುಕೊಳ್ಳಬೇಡಿ. ಸುಮಾರು 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 100 ಪಾಲು) ತಲುಪಿದರೆ ಮೂಗಿಗೆ ಆ ವಾಸನೆಯೇ ತಿಳಿಯದಂತಾಗುತ್ತದೆ. ಈ ಅನಿಲ ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ವಾಲ್ವ್ ಗುಂಡಿಗೂ ಪಂಪ್‌ಹೌಸಿನ ಬಾವಿಗೂ ಅನಿಲ ಮಾಪಕವಿಲ್ಲದೆ ಯಾರನ್ನೂ ಇಳಿಸಬೇಡಿ. ಆಮ್ಲಜನಕ ಶೇಕಡಾ 19.5ಕ್ಕಿಂತ ಕಡಿಮೆ ತೋರಿಸಿದರೆ ಇಳಿಯುವ ಮಾತೇ ಬೇಡ. ಒಳಗೆ ಬಿದ್ದವನನ್ನು ಎತ್ತಲು ಹೋಗಿ ಸತ್ತವರ ಸಂಖ್ಯೆ ಈ ಕೆಲಸದಲ್ಲಿ ಬಹಳ ದೊಡ್ಡದು. ಮಂಡಳಿಯ ಗಡುವು ಎಷ್ಟೇ ಹತ್ತಿರವಿದ್ದರೂ ಈ ವಿಷಯದಲ್ಲಿ ರಿಯಾಯಿತಿ ಕೊಡಬೇಡಿ.

ಇನ್ನು ಕೆಸರು. ಹೊರಹಾಕಬೇಡಿ, ಇಂದಂತೂ ಬೇಡವೇ ಬೇಡ. ಕಪ್ಪು ಬಣ್ಣಕ್ಕೆ ಬಹುಪಾಲು ಕಾರಣ ಕಬ್ಬಿಣದ ಸಲ್ಫೈಡ್. ಗಾಳಿ ಸಿಕ್ಕರೆ ಅದು ಮತ್ತೆ ಕಂದಾಗುತ್ತದೆ. ಸಾವಯವ ಕಲ್ಮಶವನ್ನು ತಿನ್ನುವ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಆಮ್ಲಜನಕವಿಲ್ಲದೆಯೂ ಕೆಲವು ದಿನ ತಡೆದುಕೊಳ್ಳುತ್ತವೆ. ಸಂದೇಹವಿದ್ದರೆ ಪರೀಕ್ಷಿಸಿ ನೋಡಿ. ಟ್ಯಾಂಕಿನ ಕೆಸರನ್ನು ಒಂದು ಬಕೆಟ್‌ಗೆ ತುಂಬಿ, ಅಕ್ವೇರಿಯಂ ಪಂಪಿನಿಂದ ರಾತ್ರಿಯಿಡೀ ಗಾಳಿ ಕೊಡಿ. ಬೆಳಿಗ್ಗೆ ಅದನ್ನು ಬಾಟಲಿಗೆ ಹಾಕಿ, ಆಮ್ಲಜನಕದ ಪ್ರೋಬ್ ಇಳಿಸಿ, ಬಾಯಿ ಮುಚ್ಚಿ ಗಮನಿಸಿ. ಪ್ರೋಬ್ ತೋರಿಸುವ ಅಂಕಿ ನಿಮಿಷ ನಿಮಿಷಕ್ಕೂ ಇಳಿಯುತ್ತಿದ್ದರೆ ಕೆಸರು ಉಸಿರಾಡುತ್ತಿದೆ ಎಂದು ಅರ್ಥ. ಇಳಿಯದೆ ಅಲ್ಲೇ ನಿಂತರೆ ಆಗ ಬೇರೆ ಯೋಚನೆ ಮಾಡೋಣ.

ಟ್ಯಾಂಕಿನಲ್ಲಿ ಆಮ್ಲಜನಕ ಸೊನ್ನೆಯಲ್ಲೇ ಇರುವುದು ನನಗೆ ಆಶ್ಚರ್ಯವಲ್ಲ. ಗಾಳಿಯಿಲ್ಲದ ದಿನಗಳಲ್ಲಿ ಸೇರಿದ ಸಲ್ಫೈಡ್ ಮತ್ತು ಕಲ್ಮಶ ಮೊದಲು ತಮ್ಮ ಪಾಲನ್ನು ಕಿತ್ತುಕೊಳ್ಳುತ್ತವೆ. ಆ ಬಾಕಿ ತೀರಿದ ಮೇಲೆ ಮೀಟರ್ ಮೇಲೇಳುತ್ತದೆ. ಅಷ್ಟರವರೆಗೆ ಹೊರಗಿನಿಂದ ಬರುವ ಭಾರ ಇಳಿಸಿ. ಶೌಚಗುಂಡಿ ಖಾಲಿ ಮಾಡುವ ಟ್ಯಾಂಕರ್‌ಗಳನ್ನು ಘಟಕಕ್ಕೆ ಸೇರಿಸಿಕೊಳ್ಳುತ್ತಿದ್ದರೆ ಇಂದೇ ನಿಲ್ಲಿಸಿ. ಮನೆಗಳಿಂದ ಬರುವ ಕೊಳಚೆಯ ಬಿಒಡಿ (ಕಲ್ಮಶ ತಿನ್ನಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕದ ಅಳತೆ) ಲೀಟರಿಗೆ 200–300 ಮಿಲಿಗ್ರಾಂ ಆಸುಪಾಸಿನಲ್ಲಿದ್ದರೆ ಆ ಟ್ಯಾಂಕರ್‌ಗಳದ್ದು ಹಲವು ಸಾವಿರ ಇರುತ್ತದೆ.

ಗುತ್ತಿಗೆ ಎಂಜಿನಿಯರ್

ಹಿರಿಯರ ಸುರಕ್ಷತೆಯ ಮಾತಿಗೆ ಪೂರ್ಣ ಒಪ್ಪಿಗೆ. ಕೆಸರಿನ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. ಮಂಡಳಿಯ ಗಡುವು ಎದುರಿಗಿರುವಾಗ ಹಳೆಯ ಕೆಸರು ಚೇತರಿಸಿಕೊಳ್ಳಲಿ ಎಂದು ಕಾಯುವುದು ಅಪಾಯ. ಚೆನ್ನಾಗಿ ನಡೆಯುತ್ತಿರುವ ಇನ್ನೊಂದು ಘಟಕದಿಂದ ಬೀಜ ಕೆಸರು, ಅಂದರೆ ಹೆಪ್ಪಿನಂತೆ ಬಳಸುವ ಜೀವಂತ ಕೆಸರು, ತರುವುದೇ ನೇರ ದಾರಿ. ಲೆಕ್ಕ ಸುಲಭ. 1000 ಘನ ಮೀಟರ್ ಟ್ಯಾಂಕಿನಲ್ಲಿ ಕೆಸರಿನ ಸಾಂದ್ರತೆಯನ್ನು ಲೀಟರಿಗೆ 1000 ಮಿಲಿಗ್ರಾಂ ಏರಿಸಲು 1000 ಕಿಲೋ ಒಣ ಘನಪದಾರ್ಥ ಬೇಕು. ಕ್ಲಾರಿಫೈಯರ್‌ನಿಂದ (ಕೆಸರು ತಳಕ್ಕಿಳಿದು ತಿಳಿನೀರು ಬೇರೆಯಾಗುವ ಟ್ಯಾಂಕ್) ಮರಳುವ ಕೆಸರು ಲೀಟರಿಗೆ 8 ಗ್ರಾಂ ಇದ್ದರೆ 125 ಘನ ಮೀಟರ್, ಅಂದರೆ 10 ಘನ ಮೀಟರಿನ ಹದಿಮೂರು ಟ್ಯಾಂಕರ್. ಎರಡು ದಿನದ ಕೆಲಸ. ಕಪ್ಪು ಕೆಸರನ್ನು ಇಟ್ಟುಕೊಂಡರೆ ಅದು ಕ್ಲಾರಿಫೈಯರ್‌ನಲ್ಲಿ ಮೇಲೆ ತೇಲಿ ಘನಪದಾರ್ಥದ ಮಿತಿಯೂ ಕೈತಪ್ಪುತ್ತದೆ.

ಹಿರಿಯ ಆಪರೇಟರ್

ಬೀಜ ಕೆಸರು ತರುವುದಕ್ಕೆ ನನ್ನ ವಿರೋಧವಿಲ್ಲ ಸರ್. ಇರುವುದನ್ನು ಚೆಲ್ಲುವುದಕ್ಕೆ ವಿರೋಧ. ಚೆಲ್ಲಿದ ಕೆಸರು ಎಲ್ಲಿಗೆ ಹೋಗುತ್ತದೆ? ಒಣಗಿಸುವ ಹಾಸುಗಳು ಅಷ್ಟನ್ನು ಒಂದೇ ವಾರದಲ್ಲಿ ತೆಗೆದುಕೊಳ್ಳುವುದಿಲ್ಲ.

1914ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಈ ಪದ್ಧತಿಯನ್ನು ಪ್ರಕಟಿಸಿದಾಗ ತೋರಿಸಿಕೊಟ್ಟದ್ದೂ ಇದನ್ನೇ. ಬರಿಯ ಕೊಳಚೆಗೆ ಗಾಳಿ ಊದಿ ಅಮೋನಿಯಾ ಪೂರ್ತಿ ನೈಟ್ರೇಟ್ ಆಗಲು ವಾರಗಟ್ಟಲೆ ಹಿಡಿಯಿತು. ತಳಕ್ಕಿಳಿದ ಕೆಸರನ್ನು ಚೆಲ್ಲದೆ ಉಳಿಸಿ, ಮೇಲಿನ ತಿಳಿನೀರನ್ನಷ್ಟೇ ತೆಗೆದು, ಹೊಸ ಕೊಳಚೆ ಸೇರಿಸುತ್ತ ಹೋದಾಗ ಅದೇ ಕೆಲಸ ಗಂಟೆಗಳ ಲೆಕ್ಕಕ್ಕೆ ಇಳಿಯಿತು. ನಮ್ಮ ಇಡೀ ವೃತ್ತಿ ನಿಂತಿರುವುದು ಉಳಿಸಿದ ಕೆಸರಿನ ಮೇಲೆ.

ತರುವುದಾದರೆ ಎರಡು ವಿಷಯ ನೋಡಿ ತನ್ನಿ. ಆ ಘಟಕದ ಹೊರನೀರಿನಲ್ಲಿ ಅಮೋನಿಯಾ ಕಡಿಮೆ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ನಿಮಗೆ ಬೇಕಾದ ನೈಟ್ರೀಕರಣದ (ಅಮೋನಿಯಾವನ್ನು ನೈಟ್ರೇಟ್ ಮಾಡುವ) ಬ್ಯಾಕ್ಟೀರಿಯಾ ಆ ಕೆಸರಿನಲ್ಲೂ ಇಲ್ಲ. ಅವರ ಟ್ಯಾಂಕಿನ ಮೇಲೆ ದಪ್ಪ ಕಂದು ನೊರೆ ಕಟ್ಟಿದ್ದರೆ ಬೇಡವೆಂದುಬಿಡಿ. ಆ ನೊರೆಯ ಜೀವಿಗಳನ್ನು ಒಮ್ಮೆ ಒಳಗೆ ಬಿಟ್ಟುಕೊಂಡರೆ ಹೊರಹಾಕುವುದು ತಿಂಗಳುಗಳ ಹೋರಾಟ. ನಿಮ್ಮ ಗಾಳಿ ಸಾಕಾಗುತ್ತಿದೆ ಎಂದು ಖಚಿತವಾಗುವ ಮೊದಲು ಒಂದು ಟ್ಯಾಂಕರನ್ನೂ ಸುರಿಯಬೇಡಿ. ಜೀವಂತ ಕೆಸರೂ ಆಮ್ಲಜನಕ ತಿನ್ನುತ್ತದೆ, ತಂದ ಬೀಜವೂ ನಿಮ್ಮಲ್ಲೇ ಉಸಿರುಗಟ್ಟೀತು.

ಪ್ರಯೋಗಾಲಯದವರು

ನಾನು ನೀರಿನ ಪರೀಕ್ಷೆ ಮಾಡುವವಳು. ಚೇತರಿಕೆಯ ದಿನಗಳಲ್ಲಿ ಬಿಒಡಿ ಫಲಿತಾಂಶ ನೋಡಿಕೊಂಡು ಘಟಕ ನಡೆಸಲಾಗದು. 20 ಡಿಗ್ರಿಯಲ್ಲಿ 5 ದಿನ, ಅಥವಾ ಕೆಲವೆಡೆ 27 ಡಿಗ್ರಿಯಲ್ಲಿ 3 ದಿನ ಕಾದು ಬರುವ ಸಂಖ್ಯೆ ಕಳೆದುಹೋದ ದಿನದ್ದು. ಅದನ್ನು ಮಂಡಳಿಗಾಗಿ ಮಾಡಿಸಿ. ನಿಮಗಾಗಿ ಪ್ರತಿದಿನ ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಕ್ಷಾರೀಯತೆ (ಪಿಎಚ್ ಇಳಿಯದಂತೆ ತಡೆಯುವ ನೀರಿನ ಶಕ್ತಿ), ಪಿಎಚ್ ಮತ್ತು ಕೆಲವೇ ಗಂಟೆಗಳಲ್ಲಿ ಉತ್ತರ ಕೊಡುವ ಸಿಒಡಿ (ರಾಸಾಯನಿಕದಿಂದ ಕಲ್ಮಶ ಅಳೆಯುವ ಪರೀಕ್ಷೆ) ನೋಡಿ. ಜೊತೆಗೆ ಲೀಟರ್ ಜಾಡಿಯಲ್ಲಿ 30 ನಿಮಿಷ ಕೆಸರು ಇಳಿಯಲು ಬಿಟ್ಟು ಮಟ್ಟ ಗುರುತಿಸಿ. ಆ ಮಿಲಿಲೀಟರನ್ನು 1000ದಿಂದ ಗುಣಿಸಿ ಕೆಸರಿನ ಸಾಂದ್ರತೆಯಿಂದ (ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ) ಭಾಗಿಸಿದರೆ ಕೆಸರು ಎಷ್ಟು ಚೆನ್ನಾಗಿ ಇಳಿಯುತ್ತದೆ ಎಂದು ಹೇಳುವ ಎಸ್‌ವಿಐ ಸಿಗುತ್ತದೆ. 100ರಿಂದ 150ರ ನಡುವೆ ಇದ್ದರೆ ನೆಮ್ಮದಿ, 200 ದಾಟಿದರೆ ದಾರದಂಥ ಬ್ಯಾಕ್ಟೀರಿಯಾ ಬೆಳೆಯುತ್ತಿರಬಹುದು. ಆಮ್ಲಜನಕದ ಕೊರತೆ ಅವಕ್ಕೆ ಅನುಕೂಲ.

ಸೂಕ್ಷ್ಮದರ್ಶಕವಿದ್ದರೆ ಬಳಸಿ. ಸಂಖ್ಯೆಗಳಿಗಿಂತ ಮೊದಲೇ ಅದು ಸುದ್ದಿ ಕೊಡುತ್ತದೆ. ಮೊದಲು ಕಶಾಂಗವುಳ್ಳ ಪುಟ್ಟ ಜೀವಿಗಳಷ್ಟೇ ಓಡಾಡುತ್ತಿರುತ್ತವೆ. ಆಮೇಲೆ ಈಜಾಡುವ ಸಿಲಿಯೇಟ್‌ಗಳು (ಮೈಮೇಲೆ ಸಣ್ಣ ರೋಮಗಳಿರುವ ಏಕಕೋಶ ಜೀವಿಗಳು) ಬರುತ್ತವೆ. ತೊಟ್ಟಿನ ಮೇಲೆ ಗಂಟೆಯಾಕಾರದಲ್ಲಿ ನಿಲ್ಲುವ ಸಿಲಿಯೇಟ್‌ಗಳು ಕಂಡ ದಿನ ನನಗೆ ನಿಜಕ್ಕೂ ಸಂತೋಷವಾಗುತ್ತದೆ, ಏಕೆಂದರೆ ನೀರು ತಿಳಿಯಾಗುವ ಕಾಲ ಹತ್ತಿರ ಬಂದಿರುತ್ತದೆ.

ಕ್ಷಾರೀಯತೆಯನ್ನು ಎಲ್ಲರೂ ಮರೆಯುತ್ತಾರೆ. ನಿಮ್ಮ ಒಳಬರುವ ನೀರಿನ ಅಮೋನಿಯಾ ಮತ್ತು ಕ್ಷಾರೀಯತೆ ಎಷ್ಟಿದೆ ಹೇಳುವಿರಾ?

ಘಟಕದ ಮೇಲ್ವಿಚಾರಕ

ಅಮೋನಿಯಾ ಸಾರಜನಕದ ಲೆಕ್ಕದಲ್ಲಿ ಲೀಟರಿಗೆ 35 ಮಿಲಿಗ್ರಾಂ, ಕ್ಷಾರೀಯತೆ 200 ಮೇಡಂ. ಬಕೆಟ್ ಪರೀಕ್ಷೆಯನ್ನೂ ಮಾಡಿದೆವು. ಬೆಳಗಾಗುವಷ್ಟರಲ್ಲಿ ಕೆಸರು ಕಂದುಬಣ್ಣಕ್ಕೆ ತಿರುಗಿತ್ತು, ಪ್ರೋಬಿನ ಅಂಕಿ ಬೇಗಬೇಗ ಇಳಿಯಿತು. ಆದ್ದರಿಂದ ಕೆಸರನ್ನು ಉಳಿಸಿಕೊಳ್ಳಲು ನಿರ್ಧರಿಸಿದ್ದೇವೆ. ಟ್ಯಾಂಕರ್‌ಗಳನ್ನು ನಿಲ್ಲಿಸಿದ್ದೇವೆ.

ಪ್ರಯೋಗಾಲಯದವರು

ಹಾಗಾದರೆ ಲೆಕ್ಕ ನೋಡಿ. ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗಲು 7.14 ಮಿಲಿಗ್ರಾಂ ಕ್ಷಾರೀಯತೆ ಕರಗುತ್ತದೆ. 35ಕ್ಕೆ 250. ಹೊರನೀರಿನಲ್ಲಿ 80ರಷ್ಟಾದರೂ ಉಳಿಯದಿದ್ದರೆ ಪಿಎಚ್ ಜಾರುತ್ತದೆ, ಆಗ ನೈಟ್ರೀಕರಣದ ಬ್ಯಾಕ್ಟೀರಿಯಾ ತಮ್ಮಷ್ಟಕ್ಕೆ ಕೆಲಸ ನಿಲ್ಲಿಸುತ್ತವೆ. ಬೇಕಾದದ್ದು 330, ಇರುವುದು 200. ಕೊರತೆ ಲೀಟರಿಗೆ 130 ಮಿಲಿಗ್ರಾಂ. ನಿಮ್ಮ ಹರಿವಿಗೆ ದಿನಕ್ಕೆ ಸುಮಾರು 220 ಕಿಲೋ ಸೋಡಿಯಂ ಬೈಕಾರ್ಬೊನೇಟ್, ಇಲ್ಲವೇ 100 ಕಿಲೋದಷ್ಟು ಅರಳಿದ ಸುಣ್ಣ. ಸುಣ್ಣ ಹಾಕುವುದಾದರೆ ಪಿಎಚ್ ಏಕಾಏಕಿ ಏರದಂತೆ ಸ್ವಲ್ಪಸ್ವಲ್ಪವೇ ಹಾಕಿ. ಮೊದಲ ದಿನವೇ ಇಷ್ಟೂ ಸುರಿಯುವ ಅಗತ್ಯವಿಲ್ಲ. ಅಮೋನಿಯಾ ಇಳಿಯಲು ಆರಂಭಿಸಿದಂತೆ ಏರಿಸುತ್ತ ಹೋಗಿ.

ಒಂದು ಸಂದೇಹ. ಮೊದಲು ಇದೇ ಕೊಳಚೆಯಲ್ಲಿ ಹೇಗೆ ನಡೆಯುತ್ತಿತ್ತು? ಗಾಳಿಯನ್ನು ನಡುನಡುವೆ ನಿಲ್ಲಿಸುತ್ತಿದ್ದಿರಾ?

ಘಟಕದ ಮೇಲ್ವಿಚಾರಕ

ಹೌದು. ಟೈಮರ್‌ನಿಂದ ನಿಲ್ಲಿಸಿ ನಡೆಸುವ ವ್ಯವಸ್ಥೆ ಇತ್ತು. ಬಾಡಿಗೆ ಯಂತ್ರ ನಿರಂತರವಾಗಿ ನಡೆಯುತ್ತಿದೆ.

ಪ್ರಯೋಗಾಲಯದವರು

ಅದೇ ಕಾರಣ. ಗಾಳಿ ನಿಂತ ಅವಧಿಯಲ್ಲಿ ನೈಟ್ರೇಟ್ ಸಾರಜನಕ ಅನಿಲವಾಗಿ ಹೋಗುತ್ತಿತ್ತು, ಪ್ರತಿ ಮಿಲಿಗ್ರಾಂಗೆ 3.57 ಮಿಲಿಗ್ರಾಂ ಕ್ಷಾರೀಯತೆ ಮರಳಿ ಬರುತ್ತಿತ್ತು. ಅರ್ಧದಷ್ಟು ಪುಕ್ಕಟೆಯಾಗಿ ಸಿಗುತ್ತಿತ್ತು ಎನ್ನಬಹುದು. ಅಮೋನಿಯಾ ಕೆಳಗಿಳಿದ ಮೇಲೆ ಆ ಕ್ರಮಕ್ಕೆ ಮರಳಿ. ಈಗ ಮರಳಬೇಡಿ, ಈಗ ಪ್ರತಿ ಗಂಟೆಯ ಗಾಳಿಯೂ ಬೇಕು.

ಗುತ್ತಿಗೆ ಎಂಜಿನಿಯರ್

ಮಂಡಳಿಯ ಕಣ್ಣಿಗೆ ಮೊದಲು ಬೀಳುವುದು ಕದಡಿದ ನೀರು. ಕಣಗಳನ್ನು ಒಟ್ಟುಗೂಡಿಸುವ ಆಲಂ ಅಥವಾ ಫೆರಿಕ್ ಕ್ಲೋರೈಡ್ ಹಾಕಿ ಘನಪದಾರ್ಥವನ್ನು ಇಳಿಸಿದರೆ ಬಿಒಡಿಯ ದೊಡ್ಡ ಪಾಲೂ ಅದರೊಂದಿಗೆ ಇಳಿಯುತ್ತದೆ. ಜೈವಿಕ ಭಾಗ ಚೇತರಿಸಿಕೊಳ್ಳುವವರೆಗೆ ಇದೊಂದು ಒಳ್ಳೆಯ ಆಸರೆ.

ಪ್ರಯೋಗಾಲಯದವರು

ಆಸರೆ ಹೌದು, ಆದರೆ ಒಂದು ಮಿಲಿಗ್ರಾಂ ಆಲಂ ಅರ್ಧ ಮಿಲಿಗ್ರಾಂ ಕ್ಷಾರೀಯತೆ ತಿನ್ನುತ್ತದೆ. ಈಗಾಗಲೇ ಕೊರತೆಯಿರುವ ಕಡೆ 100 ಮಿಲಿಗ್ರಾಂ ಆಲಂ ಹಾಕಿದರೆ ಇನ್ನೂ 50 ಹೋಯಿತು. ಜಾರ್ ಪರೀಕ್ಷೆ ಮಾಡಿ, ಕೆಲಸ ನಡೆಯುವ ಅತಿ ಕಡಿಮೆ ಪ್ರಮಾಣ ಕಂಡುಕೊಂಡು, ಅದರ ಬಾಬ್ತನ್ನೂ ಬೈಕಾರ್ಬೊನೇಟ್ ಲೆಕ್ಕಕ್ಕೆ ಸೇರಿಸಿ.

ಹೊಳೆಯ ಕೆಳದಂಡೆಯವರು

ನಾನು ತಂತ್ರಜ್ಞನಲ್ಲ. ಇಂಥದೇ ಒಂದು ಘಟಕದ ಕೆಳಗೆ, ಹೊಳೆಯ ದಂಡೆಯಲ್ಲಿ ವಾಸ. ಇಲ್ಲಿಯವರೆಗಿನ ಮಾತೆಲ್ಲ ಟ್ಯಾಂಕಿನ ಬಗ್ಗೆ, ಮಂಡಳಿಯ ಬಗ್ಗೆ. ಆ ನೀರು ನಮ್ಮ ಕಡೆ ಬರುತ್ತಿದೆಯಲ್ಲ? ಮೀನು ಸಾಯುವುದು ಯಾವುದರಿಂದ? ನಮಗೆ ಯಾರು ಹೇಳಬೇಕು, ಯಾವಾಗ ಹೇಳಬೇಕು? ಕ್ಲೋರಿನ್ ಜಾಸ್ತಿ ಹಾಕಿದರೆ ಸರಿಯಾಗುವುದಿಲ್ಲವೇ?

ಪ್ರಯೋಗಾಲಯದವರು

ನಿಮ್ಮ ಪ್ರಶ್ನೆಯೇ ಮೊದಲು ಬರಬೇಕಿತ್ತು. ಮೀನಿಗೆ ಅಪಾಯ ಎರಡು ಕಡೆಯಿಂದ ಬರುತ್ತದೆ. ಉಳಿದ ಕಲ್ಮಶ ಹೊಳೆಯ ಆಮ್ಲಜನಕವನ್ನು ಹೀರಿಕೊಳ್ಳುವುದು ಒಂದು. ಇನ್ನೊಂದು ಅಮೋನಿಯಾ. ಅದರಲ್ಲಿ ವಿಷಕಾರಿಯಾದ ಅಯಾನೀಕರಿಸದ ರೂಪದ ಪಾಲು ಪಿಎಚ್ ಮೇಲೆ ನಿಂತಿದೆ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಶೇಕಡಾ ಒಂದಕ್ಕಿಂತ ಕಡಿಮೆ, 8ಕ್ಕೆ ಶೇಕಡಾ 5ರಷ್ಟು, 9ಕ್ಕೆ ಮೂರನೇ ಒಂದಕ್ಕಿಂತ ಹೆಚ್ಚು. ಪಾಚಿ ಕಟ್ಟಿದ ಹೊಳೆಯಲ್ಲಿ ಬಿಸಿಲಿನ ಮಧ್ಯಾಹ್ನ ಪಿಎಚ್ ತಾನಾಗಿ ಏರುತ್ತದೆ. ಹಾಗಾಗಿ ಬೆಳಿಗ್ಗೆ ತೆಗೆದ ಒಂದು ಮಾದರಿ ನೋಡಿ ಸಮಾಧಾನಪಡಬಾರದು.

ಕ್ಲೋರಿನ್ ಸುರಿಯುವುದು ಪರಿಹಾರವಲ್ಲ. ಅದು ಬಿಒಡಿಯನ್ನೂ ಅಮೋನಿಯಾವನ್ನೂ ಶುದ್ಧೀಕರಣ ಘಟಕದಂತೆ ತೆಗೆಯುವುದಿಲ್ಲ. ಕದಡಿದ ನೀರಿನ ಕಣಗಳೊಳಗೆ ಅವಿತ ರೋಗಾಣುಗಳನ್ನು ಸರಿಯಾಗಿ ಮುಟ್ಟುವುದೂ ಇಲ್ಲ. ಉಳಿದ ಕ್ಲೋರಿನ್ ಮಾತ್ರ ಮೀನನ್ನು ಕೊಲ್ಲುತ್ತದೆ. ಹೆಚ್ಚು ಹಾಕಲೇಬೇಕಾದರೆ ಹೊಳೆಗೆ ಬಿಡುವ ಮೊದಲು ಸೋಡಿಯಂ ಬೈಸಲ್ಫೈಟ್‌ನಿಂದ ಅದನ್ನು ತೆಗೆಯಬೇಕು.

ಹೇಳಬೇಕಾದವರು ಘಟಕ ನಡೆಸುವವರು, ಯಂತ್ರ ಕೆಟ್ಟ ದಿನವೇ. ಕೆಳಗೆ ಕುಡಿಯುವ ನೀರು ಎತ್ತುವವರಿದ್ದರೆ ಅವರಿಗೆ ಮೊದಲ ಫೋನ್. ದಂಡೆಯಲ್ಲಿ ಫಲಕ ಹಾಕಿ: ಈಜಬೇಡಿ, ಹಸಿಯಾಗಿ ತಿನ್ನುವ ಬೆಳೆಗೆ ಈ ನೀರು ಹಾಯಿಸಬೇಡಿ, ದನಕರುಗಳಿಗೆ ಕುಡಿಸಬೇಡಿ. ಪರೀಕ್ಷೆಯ ಸಂಖ್ಯೆಗಳನ್ನು ಅದೇ ಫಲಕದಲ್ಲಿ ಬರೆಯಿರಿ. ಕೆಟ್ಟ ಸಂಖ್ಯೆ ಬರೆದರೆ ಗಲಾಟೆಯಾಗುತ್ತದೆ ಎಂದು ಹೆದರುವವರಿದ್ದಾರೆ. ಬರೆಯದಿದ್ದರೆ ಆಗುವ ಹಾನಿ ಅದಕ್ಕಿಂತ ದೊಡ್ಡದು.

ವಾರ್ಡ್ ಸದಸ್ಯೆ

ನಾನು ಬೇರೊಂದು ಪುರಸಭೆಯ ಸದಸ್ಯೆ. ಯಂತ್ರ ತಿರುಗುತ್ತಿದೆಯಲ್ಲ ಎಂದು ಕೇಳುವವರ ಪರವಾಗಿ ಒಂದು ಮಾತು. ಆ ಪ್ರಶ್ನೆ ಕೇಳುವುದು ಹಟದಿಂದಲ್ಲ, ಬಾಡಿಗೆಯ ಬಿಲ್ ಪ್ರತಿದಿನ ಏರುತ್ತಿರುತ್ತದೆ. ಇನ್ನೆಷ್ಟು ದಿನ ಎಂಬುದಕ್ಕೆ ಸಭೆಯ ಮುಂದಿಡಬಹುದಾದ ಉತ್ತರವಿದೆಯೇ? ಮಂಡಳಿಗೆ ಬರೆಯುವ ಪತ್ರದಲ್ಲಿ ಏನಿರಬೇಕು?

ಹಿರಿಯ ಆಪರೇಟರ್

ಅಮ್ಮಾ, ಸಭೆಗೆ ಹೀಗೆ ಹೇಳಿ. ಕಲ್ಮಶ ತಿನ್ನುವ ಬ್ಯಾಕ್ಟೀರಿಯಾ ಗಂಟೆಗಳಲ್ಲಿ ದ್ವಿಗುಣವಾಗುತ್ತವೆ, ಹಾಗಾಗಿ ಬಿಒಡಿ ಮೊದಲು ಸರಿಹೋಗುತ್ತದೆ. ಅಮೋನಿಯಾವನ್ನು ನೈಟ್ರೇಟ್ ಮಾಡುವವು ನಿಧಾನಿಗಳು, ಒಮ್ಮೆ ದ್ವಿಗುಣವಾಗಲು ದಿನವೋ ಅದಕ್ಕಿಂತ ಹೆಚ್ಚೋ ಬೇಕು. ತಾಪಮಾನ 10 ಡಿಗ್ರಿ ಇಳಿದರೆ ಅವುಗಳ ವೇಗ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಬೆಚ್ಚಗಿನ ನೀರಿನಲ್ಲಿ ಒಂದರಿಂದ ಮೂರು ವಾರ, ತಣ್ಣಗಿನ ನೀರಿನಲ್ಲಿ ಅದಕ್ಕಿಂತ ಬಹಳ ಹೆಚ್ಚು. ಹಣ ಸುರಿದು ಇದನ್ನು ಒಂದು ದಿನಕ್ಕೆ ಇಳಿಸಲು ಸಾಧ್ಯವಿಲ್ಲ. ಬೀಜ ಕೆಸರು ಅವಧಿಯನ್ನು ಕಡಿಮೆ ಮಾಡುತ್ತದೆ. ಗಾಳಿ ಮತ್ತೊಮ್ಮೆ ನಿಂತರೆ ಎಲ್ಲವೂ ಮೊದಲಿನಿಂದ. ಆದ್ದರಿಂದ ಖರ್ಚು ಕಡಿಮೆ ಮಾಡಲು ಬಾಡಿಗೆ ಯಂತ್ರವನ್ನು ಬೇಗ ಕಳಿಸಿಬಿಡುವುದೇ ಎಲ್ಲಕ್ಕಿಂತ ದುಬಾರಿ ನಿರ್ಧಾರ.

ಪರವಾನಗಿ ವಿಷಯ ನೋಡುವವರು

ಪತ್ರದ ಬಗ್ಗೆ ನಾನು ಹೇಳುತ್ತೇನೆ. ನಿಯಮ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ಪರವಾನಗಿಗಳಲ್ಲಿ ಆರೋಗ್ಯಕ್ಕೆ ಅಥವಾ ಪರಿಸರಕ್ಕೆ ಅಪಾಯ ತರಬಹುದಾದ ಉಲ್ಲಂಘನೆಯನ್ನು ತಿಳಿದ 24 ಗಂಟೆಯೊಳಗೆ ಬಾಯಿಮಾತಿನಲ್ಲಿ, 5 ದಿನದೊಳಗೆ ಲಿಖಿತವಾಗಿ ತಿಳಿಸಬೇಕು. ನಿಮ್ಮ ಪರವಾನಗಿಯಲ್ಲಿ ಏನಿದೆಯೋ ಅದನ್ನು ಅಕ್ಷರಶಃ ಓದಿ ಪಾಲಿಸಿ.

ಎಲ್ಲಿಯೇ ಆಗಲಿ, ಅಧಿಕಾರಿ ಹುಡುಕುವುದು ಒಂದೇ: ಏನಾಯಿತು, ಏಕೆ ಆಯಿತು, ಎಷ್ಟು ನೀರು ಯಾವ ಗುಣಮಟ್ಟದಲ್ಲಿ ಹೊರಹೋಯಿತು, ಯಾವ ದಿನ ಯಾವ ಮಿತಿಗೆ ಮರಳುತ್ತೀರಿ, ಮತ್ತೆ ಆಗದಂತೆ ಏನು ಮಾಡಿದ್ದೀರಿ. ಬಿಒಡಿಗೆ ಒಂದು ದಿನಾಂಕ, ಅಮೋನಿಯಾಕ್ಕೆ ಬೇರೆ ದಿನಾಂಕ ಕೊಡಿ. ಎಲ್ಲಕ್ಕೂ ಒಂದೇ ದಿನಾಂಕ ಬರೆದು ಆಮೇಲೆ ತಪ್ಪಿದರೆ ಎರಡನೆಯ ಪತ್ರವನ್ನು ಯಾರೂ ನಂಬುವುದಿಲ್ಲ. ಚೇತರಿಕೆಯ ಅವಧಿಗೆ ತಾತ್ಕಾಲಿಕ ಮಿತಿ ಕೇಳುವ ಅವಕಾಶವಿದ್ದರೆ ಕೇಳಿ.

ಮಾದರಿಯ ವಿಷಯದಲ್ಲಿ ಅಲುಗಾಡಬೇಡಿ. ಹರಿವು ಕಡಿಮೆಯಿರುವ ಬೆಳಗಿನ ಜಾವದಲ್ಲಿ ಒಂದು ಬಾಟಲಿ ತುಂಬಿ ಕಳಿಸಿದರೆ ಸಂಖ್ಯೆ ಚೆನ್ನಾಗಿ ಕಾಣುತ್ತದೆ, ಹೊಳೆಗೆ ಮಾತ್ರ ಹಳೆಯ ನೀರೇ ಹೋಗುತ್ತಿರುತ್ತದೆ. ಪರವಾನಗಿ 24 ಗಂಟೆಯ ಮಿಶ್ರ ಮಾದರಿ ಕೇಳಿದ್ದರೆ ಅದನ್ನೇ ತೆಗೆಯಿರಿ, ತಣ್ಣಗಿಡಿ, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂದು ಬರೆದಿಡಿ.

ಯಂತ್ರ ದುರಸ್ತಿಯವರು

ಇಷ್ಟು ಮಾತಾದರೂ ಯಾರೂ ಕೇಳಲಿಲ್ಲ: ಆ ಬೇರಿಂಗ್ ಏಕೆ ಹೋಯಿತು? ಹೊಸ ಬೇರಿಂಗ್ ಹಾಕಿ ಅದೇ ಪೈಪಿಗೆ ಜೋಡಿಸಿದರೆ ಅದೂ ಹೋಗುತ್ತದೆ.

5 ಮೀಟರ್ ಆಳದ ನೀರಿಗೆ ಬೇಕಾದ ಒತ್ತಡ ಸುಮಾರು 49 ಕಿಲೋಪ್ಯಾಸ್ಕಲ್, ಅದರ ಮೇಲೆ ಪೈಪು ಮತ್ತು ಡಿಫ್ಯೂಸರಿನ ನಷ್ಟ. ಡಿಫ್ಯೂಸರಿನ ರಂಧ್ರಗಳು ಲೋಳೆಯಿಂದಲೋ ಸುಣ್ಣದ ಪದರದಿಂದಲೋ ಕಟ್ಟಿಕೊಳ್ಳುತ್ತ ಹೋದಂತೆ ಒತ್ತಡ ಮೆಲ್ಲನೆ ಏರುತ್ತದೆ. ಎರಡು ರೋಟರ್ ತಿರುಗಿ ಗಾಳಿ ತಳ್ಳುವ ರೂಟ್ಸ್ ಮಾದರಿಯ ಬ್ಲೋಯರ್ ಎಷ್ಟೇ ತಡೆ ಇದ್ದರೂ ಅಷ್ಟೇ ಗಾಳಿ ತಳ್ಳಲು ನೋಡುತ್ತದೆ. ಗಾಳಿ ಕಾಯುತ್ತದೆ, ರೋಟರ್ ಹಿಗ್ಗುತ್ತದೆ, ನಡುವಿನ ಸಣ್ಣ ಅಂತರ ಮುಚ್ಚಿ ಒಂದಕ್ಕೊಂದು ತಾಗುತ್ತದೆ. ಆ ಕಾವಿನಲ್ಲಿ ಎಣ್ಣೆ ತೆಳುವಾಗಿ ಬೇರಿಂಗ್ ಬಿಗಿಯುತ್ತದೆ. ನಿಮ್ಮಲ್ಲಿ ಒಂದರ ರೋಟರ್, ಇನ್ನೊಂದರ ಬೇರಿಂಗ್ ಹೋಗಿರುವುದನ್ನು ನೋಡಿದರೆ ನನಗೆ ಅನುಮಾನ ಬರುವುದು ಎರಡೂ ಹಂಚಿಕೊಂಡಿರುವ ಪೈಪು ಮತ್ತು ಡಿಫ್ಯೂಸರುಗಳ ಮೇಲೆ. ಒಳಗಾಳಿಯ ಫಿಲ್ಟರ್ ಕಟ್ಟಿದ್ದರೂ ಕಾವು ಹೀಗೇ ಏರುತ್ತದೆ, ಅದನ್ನೂ ನೋಡಿ.

ಈಗ ಬಾಡಿಗೆ ಯಂತ್ರದ ಒತ್ತಡ ಮಾಪಕದಲ್ಲಿ ಎಷ್ಟಿದೆ? ಪೈಪಿನೊಳಗೆ ನೀರು ನಿಂತಿರುತ್ತದೆ, ಕೊನೆಯ ಪರ್ಜ್ ವಾಲ್ವ್ ತೆರೆದು ಹೊರಬಿಟ್ಟಿರಾ? ಸುರಕ್ಷತಾ ವಾಲ್ವ್ ಎಷ್ಟಕ್ಕೆ ತೆರೆಯುತ್ತದೆ ಎಂದು ಯಾರಾದರೂ ಪರೀಕ್ಷಿಸಿದ್ದಾರೆಯೇ?

ಘಟಕದ ಮೇಲ್ವಿಚಾರಕ

ಮಾಪಕ 68 ತೋರಿಸುತ್ತಿತ್ತು. ನೀವು ಹೇಳಿದ ಮೇಲೆ ಪರ್ಜ್ ವಾಲ್ವ್ ತೆರೆದೆವು, ಸಾಕಷ್ಟು ನೀರು ಬಂತು, ಒತ್ತಡ 63ಕ್ಕೆ ಇಳಿಯಿತು. ಟ್ಯಾಂಕಿನ ಒಂದು ಮೂಲೆಯಲ್ಲಿ ಗುಳ್ಳೆಗಳೇ ಇಲ್ಲ. ಇನ್ನೊಂದೆಡೆ ದೊಡ್ಡ ಗುಳ್ಳೆ ಕುದಿಯುವಂತೆ ಏಳುತ್ತಿದೆ.

ಯಂತ್ರ ದುರಸ್ತಿಯವರು

ಗುಳ್ಳೆಯಿಲ್ಲದ ಕಡೆ ಡಿಫ್ಯೂಸರ್ ಕಟ್ಟಿದೆ, ಕುದಿಯುವ ಕಡೆ ಪೊರೆ ಹರಿದಿದೆ ಅಥವಾ ಪೈಪು ಬಿಟ್ಟಿದೆ. ದೊಡ್ಡ ಗುಳ್ಳೆಯಿಂದ ನೀರಿಗೆ ಸೇರುವ ಆಮ್ಲಜನಕ ಕಡಿಮೆ. ಆ ಸಾಲಿನ ವಾಲ್ವನ್ನು ಸ್ವಲ್ಪ ಬಿಗಿ ಮಾಡಿ, ಗಾಳಿ ಉಳಿದ ಕಡೆ ಹೋಗಲಿ. ಪೂರ್ತಿ ಮುಚ್ಚಬೇಡಿ, ಒತ್ತಡ ಜಿಗಿಯುತ್ತದೆ. ಬಾಡಿಗೆಯವರು ದೊಡ್ಡ ಕಂಪ್ರೆಸರ್ ಕೊಡುತ್ತೇವೆ ಎಂದರೆ ಒಪ್ಪಬೇಡಿ. ಅದು ಇಲ್ಲಿ ಬೇಕಾದ್ದಕ್ಕಿಂತ ಹತ್ತು ಪಟ್ಟು ಒತ್ತಡದ ಯಂತ್ರ, ಇಂಧನ ಕುಡಿಯುತ್ತದೆ, ಗಾಳಿಯಲ್ಲಿ ಬರುವ ಎಣ್ಣೆ ರಬ್ಬರ್ ಪೊರೆಯನ್ನು ಹಾಳು ಮಾಡುತ್ತದೆ.

ಗಾಳಿಯ ಪ್ರಮಾಣವನ್ನೂ ಲೆಕ್ಕ ಹಾಕಿಸಿ. ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕಕ್ಕೆ 4.57 ಮಿಲಿಗ್ರಾಂ ಆಮ್ಲಜನಕ ಬೇಕು. ನಿಮ್ಮ 35ಕ್ಕೆ ದಿನಕ್ಕೆ 160 ಕಿಲೋ, ಬಿಒಡಿಯ ಬೇಡಿಕೆ ಅದರ ಮೇಲೆ. ಬಿಒಡಿಗೆಂದಷ್ಟೇ ಲೆಕ್ಕ ಹಾಕಿ ಯಂತ್ರ ತರಿಸಿದ್ದರೆ ನೈಟ್ರೀಕರಣ ಆರಂಭವೇ ಆಗುವುದಿಲ್ಲ.

ಘಟಕದ ಮೇಲ್ವಿಚಾರಕ

ಕೆಲವು ವಾರಗಳ ನಂತರ ಬರೆಯುತ್ತಿದ್ದೇನೆ. ದುರಸ್ತಿಯಾದ ಬ್ಲೋಯರ್ ಬಂದಿದೆ, ಬಾಡಿಗೆ ಯಂತ್ರವನ್ನೂ ಇಟ್ಟುಕೊಂಡಿದ್ದೇವೆ. ಹರಿದ ಪೊರೆಗಳನ್ನು ಬದಲಿಸಿದೆವು. ಆಮ್ಲಜನಕ 2 ಮಿಲಿಗ್ರಾಂ ಸುತ್ತ ನಿಲ್ಲುತ್ತಿದೆ. ಕೆಸರು ಕಂದಾಗಿದೆ. ಅರ್ಧದಷ್ಟು ಬೀಜ ಕೆಸರನ್ನೂ ತಂದೆವು. ಅಮೋನಿಯಾ ಇಳಿಯತೊಡಗಿ ಈಗ ಒಂದಕ್ಕಿಂತ ಕಡಿಮೆ.

ಆದರೆ ಹೊಸ ತೊಂದರೆ. ಅಮೋನಿಯಾ 20 ಇದ್ದಾಗಲೂ ಕ್ಲೋರಿನ್ ಉಳಿಯುತ್ತಿತ್ತು. ಈಗ ನೀರು ತಿಳಿಯಾಗಿದೆ, ಎಷ್ಟು ಹಾಕಿದರೂ ಕ್ಲೋರಿನ್ ಮಾಯವಾಗುತ್ತಿದೆ, ಕೋಲಿಫಾರ್ಮ್ (ಮಲದ ಸೋಂಕನ್ನು ಸೂಚಿಸುವ ಬ್ಯಾಕ್ಟೀರಿಯಾ) ಮಿತಿ ಮೀರಿದೆ.

ಪ್ರಯೋಗಾಲಯದವರು

ನೈಟ್ರೈಟ್ ಎಷ್ಟಿದೆ ನೋಡಿ. ಉತ್ತರ ಅಲ್ಲಿರುತ್ತದೆ ಎಂದು ನನ್ನ ನಂಬಿಕೆ.

ಘಟಕದ ಮೇಲ್ವಿಚಾರಕ

ಸಾರಜನಕದ ಲೆಕ್ಕದಲ್ಲಿ ಲೀಟರಿಗೆ 4 ಮಿಲಿಗ್ರಾಂ.

ಪ್ರಯೋಗಾಲಯದವರು

ಅದೇ. ಅಮೋನಿಯಾವನ್ನು ನೈಟ್ರೈಟ್ ಮಾಡುವ ಬ್ಯಾಕ್ಟೀರಿಯಾ ನಿಮ್ಮಲ್ಲಿ ಮರಳಿ ಬಂದಿವೆ. ನೈಟ್ರೈಟನ್ನು ನೈಟ್ರೇಟ್ ಮಾಡುವವು ಹಿಂದೆ ಬಿದ್ದಿವೆ. ಒಂದು ಮಿಲಿಗ್ರಾಂ ನೈಟ್ರೈಟ್ ಸಾರಜನಕ 5 ಮಿಲಿಗ್ರಾಂ ಕ್ಲೋರಿನ್ ತಿನ್ನುತ್ತದೆ, ನಿಮ್ಮ 4ಕ್ಕೆ 20. ಮೊದಲು ಅಮೋನಿಯಾ ಹೇರಳವಾಗಿದ್ದಾಗ ಕ್ಲೋರಿನ್ ಅದರೊಂದಿಗೆ ಕೂಡಿ ಕ್ಲೋರಮೈನ್ ಆಗಿ ಉಳಿದುಕೊಳ್ಳುತ್ತಿತ್ತು, ಅದು ನೈಟ್ರೈಟ್ ಜೊತೆ ನಿಧಾನವಾಗಿ ವರ್ತಿಸುತ್ತದೆ. ಈಗ ಆ ರಕ್ಷಣೆ ಹೋಗಿದೆ. ಘಟಕ ಸುಧಾರಿಸುತ್ತಿರುವುದರಿಂದಲೇ ಈ ಪರೀಕ್ಷೆ ಕೆಟ್ಟಿದೆ.

ಆಮ್ಲಜನಕ 2ಕ್ಕಿಂತ ಕೆಳಗೆ ಹೋಗದಂತೆ ನೋಡಿಕೊಳ್ಳಿ, ಕೆಸರು ಹೊರತೆಗೆಯುವುದನ್ನು ಕಡಿಮೆ ಮಾಡಿ, ಕ್ಷಾರೀಯತೆ ಬಿಡಬೇಡಿ. ಹಿಂದೆ ಬಿದ್ದವು ತಾವಾಗಿ ಬಂದು ಸೇರಿಕೊಳ್ಳುತ್ತವೆ.

ಗುತ್ತಿಗೆ ಎಂಜಿನಿಯರ್

ಕ್ಲೋರಿನ್ ಹಾಕುವ ಜಾಗದಲ್ಲಿ ಸ್ವಲ್ಪ ಅಮೋನಿಯಂ ಸಲ್ಫೇಟ್ ಬೆರೆಸಿದರೆ ಕ್ಲೋರಮೈನ್ ಆಗಿ ಸೋಂಕುನಿವಾರಣೆ ನಿಲ್ಲುತ್ತದೆ. ಇಂಥ ಸ್ಥಿತಿಯಲ್ಲಿ ಅದನ್ನು ಮಾಡುವವರಿದ್ದಾರೆ.

ಪರವಾನಗಿ ವಿಷಯ ನೋಡುವವರು

ಸಾಧ್ಯ, ಆದರೆ ಮಂಡಳಿಗೆ ಮೊದಲೇ ಬರೆದು ಒಪ್ಪಿಗೆ ಪಡೆದ ಮೇಲೆ. ಅಮೋನಿಯಾ ಮಿತಿಯಿರುವ ಪರವಾನಗಿಯಲ್ಲಿ ಅಮೋನಿಯಾ ಸೇರಿಸುವುದು ಸಣ್ಣ ವಿಷಯವಲ್ಲ. ಕೆಳದಂಡೆಯವರು ಇದನ್ನು ಓದುತ್ತಿದ್ದಾರೆ, ಅವರಿಗೂ ಗೊತ್ತಿರಬೇಕು.

ಹೊಳೆಯ ಕೆಳದಂಡೆಯವರು

ಓದುತ್ತಿದ್ದೇನೆ. ಮುಚ್ಚಿಡದೆ ಹೇಳುವುದಾದರೆ ನಾವು ಕಾಯಲು ಸಿದ್ಧ. ಕೋಲಿಫಾರ್ಮ್ ಇಳಿಯುವವರೆಗೆ ಇಂಥ ಫಲಕ ತೆಗೆಯಬಾರದು, ಅಷ್ಟೇ.

ಘಟಕದ ಮೇಲ್ವಿಚಾರಕ

ಫಲಕ ತೆಗೆದಿಲ್ಲ, ತೆಗೆಯುವುದೂ ಇಲ್ಲ. ಇನ್ನೊಂದು ಗೊಂದಲ. ನೀರು ಕನ್ನಡಿಯಂತಿದೆ, ಸಿಒಡಿ ಚೆನ್ನಾಗಿದೆ, ಬಿಒಡಿ ಮಾತ್ರ ಮಿತಿಗಿಂತ ಮೇಲೆ ಬಂದಿದೆ.

ಪ್ರಯೋಗಾಲಯದವರು

ಇದೂ ಈ ಹಂತದಲ್ಲಿ ಆಗುವಂಥದ್ದು. ನೈಟ್ರೀಕರಣದ ಬ್ಯಾಕ್ಟೀರಿಯಾ ಹೊರನೀರಿನೊಂದಿಗೆ ಬಾಟಲಿಗೂ ಬಂದಿರುತ್ತವೆ. ಉಳಿದ ಅಮೋನಿಯಾ ಮತ್ತು ನೈಟ್ರೈಟನ್ನು ಬಾಟಲಿಯೊಳಗೇ ಉತ್ಕರ್ಷಿಸಿ ಆಮ್ಲಜನಕ ಬಳಸುತ್ತವೆ. ಅದೇ ಮಾದರಿಯನ್ನು ಎರಡು ಭಾಗ ಮಾಡಿ, ಒಂದಕ್ಕೆ ನೈಟ್ರೀಕರಣ ತಡೆಯುವ ರಾಸಾಯನಿಕ ಹಾಕಿಸಿ. ಎರಡರ ನಡುವಿನ ವ್ಯತ್ಯಾಸ ಕಾರಣವನ್ನು ತೋರಿಸುತ್ತದೆ. ಆದರೆ ಪರವಾನಗಿ ಒಟ್ಟು ಬಿಒಡಿ ಕೇಳಿದ್ದರೆ ವರದಿಯಲ್ಲಿ ಒಟ್ಟು ಬಿಒಡಿಯನ್ನೇ ಬರೆಯಬೇಕು. ಇನ್ನೊಂದನ್ನು ವಿವರಣೆಯಾಗಿ ಜೊತೆಗಿಡಿ.

ಘಟಕದ ಮೇಲ್ವಿಚಾರಕ

ಎರಡೂ ಮಾಡಿಸಿದೆವು, ಎರಡನ್ನೂ ಮಂಡಳಿಗೆ ಕಳಿಸಿದೆವು. ತಡೆ ಹಾಕಿದ ಬಾಟಲಿಯ ಸಂಖ್ಯೆ ಅರ್ಧಕ್ಕಿಂತ ಕಡಿಮೆ. ನೈಟ್ರೈಟ್ ಈಗ ಒಂದಕ್ಕಿಂತ ಕೆಳಗಿದೆ, ಅಮೋನಿಯಂ ಸಲ್ಫೇಟ್ ಇಲ್ಲದೆಯೇ ಕ್ಲೋರಿನ್ ಉಳಿಯತೊಡಗಿದೆ, ಕೋಲಿಫಾರ್ಮ್ ಮಿತಿಯೊಳಗೆ ಬಂದಿದೆ. ಮಂಡಳಿ ಸತತ ಮಾದರಿಗಳು ಸರಿ ಬಂದ ಮೇಲೆ ಕಡತ ಮುಚ್ಚುವುದಾಗಿ ಬರೆದಿದೆ. ಟೈಮರ್ ಕ್ರಮಕ್ಕೆ ಮರಳಿದ್ದೇವೆ, ಬೈಕಾರ್ಬೊನೇಟ್ ಮೆಲ್ಲನೆ ಇಳಿಸುತ್ತಿದ್ದೇವೆ.

ಯಂತ್ರ ದುರಸ್ತಿಯವರು

ಎರಡನೆಯ ಬ್ಲೋಯರ್ ಬಂದ ಮೇಲೆ ಅದನ್ನು ಮೂಲೆಯಲ್ಲಿ ನಿಲ್ಲಿಸಬೇಡಿ. ಪ್ರತಿ ವಾರ ಸರದಿ ಬದಲಿಸಿ, ಪೂರ್ಣ ಭಾರದಲ್ಲಿ ನಡೆಸಿ. ಒತ್ತಡ, ಹೊರಗಾಳಿಯ ಉಷ್ಣತೆ, ಮೋಟರಿನ ಆಂಪಿಯರ್ ಮೂರನ್ನೂ ಪ್ರತಿದಿನ ಒಂದೇ ಪುಸ್ತಕದಲ್ಲಿ ಬರೆಯಿರಿ. ಈಗ ಹೊಸ ಪೊರೆಯೊಂದಿಗೆ ಎಷ್ಟಿದೆಯೋ ಅದೇ ನಿಮ್ಮ ಆರಂಭದ ಅಂಕಿ. ಒತ್ತಡ ಅದಕ್ಕಿಂತ 5 ಕಿಲೋಪ್ಯಾಸ್ಕಲ್ ಏರಿದರೆ ಡಿಫ್ಯೂಸರ್ ತೊಳೆಯುವ ಕೆಲಸ ಹಿಡಿಯಿರಿ, ಬೇರಿಂಗ್ ಸದ್ದು ಮಾಡುವವರೆಗೆ ಕಾಯಬೇಡಿ.

ವಾರ್ಡ್ ಸದಸ್ಯೆ

ಇದನ್ನು ನಮ್ಮ ಪುರಸಭೆಯ ಮುಂದಿನ ಸಭೆಗೂ ತೆಗೆದುಕೊಂಡು ಹೋಗುತ್ತಿದ್ದೇನೆ. ನಮ್ಮ ಘಟಕದಲ್ಲಿ ದೊಡ್ಡ ಯಂತ್ರವೊಂದು ನಿಂತರೂ ಉಳಿದವು ಪೂರ್ತಿ ಭಾರ ಹೊರುತ್ತವೆಯೇ ಎಂದು ಕೇಳಿದರೆ ಯಾರ ಬಳಿಯೂ ಉತ್ತರವಿಲ್ಲ. ಬಿಡಿಭಾಗಗಳ ಪಟ್ಟಿಯಲ್ಲಿ ಯಾವುದನ್ನು ಕಡ್ಡಾಯವಾಗಿ ಕೈಯಲ್ಲಿಟ್ಟುಕೊಳ್ಳಬೇಕು ಎಂದು ದುರಸ್ತಿಯವರು ಹೇಳುವಿರಾ?

ಯಂತ್ರ ದುರಸ್ತಿಯವರು

ಬೇರಿಂಗ್ ಮತ್ತು ಸೀಲುಗಳ ಒಂದು ಪೂರ್ಣ ಜೊತೆ, ಬೆಲ್ಟ್‌ಗಳು, ಗಾಳಿ ಫಿಲ್ಟರ್, ಎಣ್ಣೆ, ಒಂದು ಸುರಕ್ಷತಾ ವಾಲ್ವ್, ಡಿಫ್ಯೂಸರ್ ಪೊರೆಗಳಲ್ಲಿ ಹತ್ತನೇ ಒಂದು ಭಾಗ. ರೋಟರ್ ತಯಾರಾಗಿ ಬರಲು ಎಷ್ಟು ಕಾಲ ಬೇಕು ಎಂದು ಸರಬರಾಜುದಾರರಿಂದ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಕೆಸರು ತಡೆದುಕೊಳ್ಳುವ ಕಾಲಕ್ಕಿಂತ ಅದು ಹೆಚ್ಚಿದ್ದರೆ ರೋಟರನ್ನೂ ಕೊಂಡಿಡಿ, ಇಲ್ಲವೇ ಬಾಡಿಗೆ ಬ್ಲೋಯರಿಗೆ ಈಗಲೇ ಒಪ್ಪಂದ ಮಾಡಿಕೊಳ್ಳಿ. ಅದನ್ನು ಜೋಡಿಸಲು ಬೇಕಾದ ಫ್ಲ್ಯಾಂಜ್ ಮತ್ತು ವಾಲ್ವನ್ನು ಮುಖ್ಯ ಪೈಪಿಗೆ ಮೊದಲೇ ಹಾಕಿಸಿ.